ತೆಳುಹಾಳೆಯ ಕೆಳಗಿನ ಬೆಲೆ: ಇಂಗ್ಲೆಂಡಿನ ಪುರಾತನ ವಿನಿಯರ್ ಬರವಣಿಗೆ ಮೇಜುಗಳು

ಪೀಠೋಪಕರಣಗಳ ವ್ಯಾಪಾರದಲ್ಲಿ ‘ವಿನಿಯರ್’ ಎಂಬ ಪದಕ್ಕೆ ಇಂದು ಹೆಚ್ಚಿನ ಗೌರವವಿಲ್ಲ. ಅಂಗಡಿಗೆ ಬಂದ ಗ್ರಾಹಕನು ಮೇಜಿನ ಮೇಲೆ ಬೆರಳಿನಿಂದ ತಟ್ಟಿ, ‘ಇದು ಗಟ್ಟಿ ಮರವೋ, ಮೇಲೆ ಅಂಟಿಸಿದ್ದೋ?’ ಎಂದು ಕೇಳುವುದು ವಾಡಿಕೆ. ಅಂಟಿಸಿದ್ದು ಎಂಬ ಉತ್ತರ ಬಂದೊಡನೆ ಆತನ ಮನಸ್ಸಿನಲ್ಲಿ ಬೆಲೆ ಇಳಿಯುತ್ತದೆ. ಇಂಗ್ಲಿಷ್ ಭಾಷೆಯಲ್ಲಿಯೂ ಈ ಪದವು ಬಹುಕಾಲದಿಂದ ಹೊರತೋರಿಕೆ ಎಂಬ ಅರ್ಥವನ್ನು ಹೊತ್ತುಕೊಂಡಿದೆ. ಚಾರ್ಲ್ಸ್ ಡಿಕನ್ಸ್ 1864–65ರಲ್ಲಿ ಕಂತುಗಳಲ್ಲಿ ಪ್ರಕಟಿಸಿದ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯಲ್ಲಿ ದಿಢೀರ್ ಸಿರಿವಂತಿಕೆಯ ಕುಟುಂಬವೊಂದಕ್ಕೆ ‘ವೆನೀರಿಂಗ್’ ಎಂದೇ ಹೆಸರಿಟ್ಟಿದ್ದಾನೆ.

ಆದರೆ ಲಂಡನ್ನಿನ ಹರಾಜು ಮನೆಗಳ ಲೆಕ್ಕ ಬೇರೆಯೇ ಆಗಿದೆ. ಹದಿನೇಳನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಶ್ರೇಷ್ಠ ದರ್ಜೆಯ ಬರವಣಿಗೆ ಮೇಜುಗಳಲ್ಲಿ ಬಹುಪಾಲು ವಿನಿಯರ್ ಹೊದಿಸಿದವು. ಅದೇ ಕಾಲದಲ್ಲಿ ಹಳ್ಳಿಯ ಬಡಗಿ ಗಟ್ಟಿ ಓಕ್ ಮರದಿಂದ ಮಾಡಿದ ಮೇಜು ಅಗ್ಗ. ಅಗ್ಗದ ಪೈನ್ ಮರದ ಮೇಲೆ ವಾಲ್‌ನಟ್ಟಿನ ತೆಳುಹಾಳೆ ಅಂಟಿಸಿದ ಮೇಜು ಅದರ ಹಲವು ಪಟ್ಟು ದುಬಾರಿ. ಮೇಲುನೋಟಕ್ಕೆ ವಿಚಿತ್ರವೆನಿಸುವ ಈ ಸಂಗತಿಯ ಕಾರಣವನ್ನು ಕಚ್ಚಾಮಾಲು, ಕೂಲಿ ಮತ್ತು ಕೌಶಲ್ಯ ಎಂಬ ಮೂರು ಬಾಬುಗಳಲ್ಲಿ ಹುಡುಕಬೇಕಾಗುತ್ತದೆ. ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಪರಿಚಿತವಾದ ಬಾಬುಗಳೇ ಇವು.

ಓಕ್‌ನಿಂದ ವಾಲ್‌ನಟ್‌ಗೆ

1660ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ಸಿಂಹಾಸನಕ್ಕೆ ಮರಳುವವರೆಗೆ ಇಂಗ್ಲೆಂಡಿನ ಪೀಠೋಪಕರಣವೆಂದರೆ ಮುಖ್ಯವಾಗಿ ಓಕ್. ಚೌಕಟ್ಟು ಕಟ್ಟಿ, ಅದರ ಗಾಡಿಯೊಳಗೆ ಹಲಗೆ ಕೂರಿಸಿ, ಮರದ ಮೊಳೆ ಹೊಡೆಯುವ ಪದ್ಧತಿ. ಬರೆಯುವುದಕ್ಕೆ ಪ್ರತ್ಯೇಕ ಮೇಜು ಇರುವ ಮನೆಗಳೇ ವಿರಳವಾಗಿದ್ದವು. ಇಳಿಜಾರು ಮುಚ್ಚಳದ ಪೆಟ್ಟಿಗೆಯೊಂದನ್ನು ಯಾವುದಾದರೂ ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ದೊರೆ ಮತ್ತು ಆತನ ಪರಿವಾರ ಯೂರೋಪಿನ ಗಡಿಪಾರಿನಿಂದ ಹಿಂದಿರುಗಿದಾಗ ಫ್ರಾನ್ಸ್ ಹಾಗೂ ಹಾಲೆಂಡಿನ ಅಭಿರುಚಿಯೂ ಜೊತೆಗೆ ಬಂದಿತು. 1685ರಲ್ಲಿ ಫ್ರಾನ್ಸಿನ ದೊರೆ ಪ್ರೊಟೆಸ್ಟೆಂಟರಿಗೆ ನೀಡಿದ್ದ ರಕ್ಷಣೆಯನ್ನು ಹಿಂತೆಗೆದುಕೊಂಡದ್ದರಿಂದ ಹ್ಯೂಗೆನೋ ಎಂದು ಹೆಸರಾದ ನಿರಾಶ್ರಿತ ಕುಶಲಕರ್ಮಿಗಳು ದೊಡ್ಡ ಸಂಖ್ಯೆಯಲ್ಲಿ ಲಂಡನ್ನಿಗೆ ವಲಸೆ ಬಂದರು. ಒಂದು ದೇಶದ ಅಸಹನೆ ಇನ್ನೊಂದು ದೇಶದ ಕೈಗಾರಿಕೆಗೆ ಬಂಡವಾಳವಾದ ಉದಾಹರಣೆ ಇದು. ಆ ಕಾಲದ ಲಂಡನ್ನಿನಲ್ಲಿ ಅರಮನೆಗೆ ಬರವಣಿಗೆ ಮೇಜುಗಳನ್ನು ಪೂರೈಸಿದ ಗೆರಿಟ್ ಜೆನ್ಸೆನ್‌ನ ಹೆಸರೇ ಆತನ ಪರದೇಶಿ ಮೂಲವನ್ನು ಸಾರುತ್ತದೆ.

ಈ ಹಂತದಲ್ಲಿ ‘ಕ್ಯಾಬಿನೆಟ್ ಮೇಕರ್’ ಎಂಬ ಹೊಸ ವೃತ್ತಿಯು ಬಡಗಿತನದಿಂದ ಬೇರೆಯಾಯಿತು. ಆತನ ಮುಖ್ಯ ವಸ್ತು ವಾಲ್‌ನಟ್, ಅಂದರೆ ಅಕ್ರೋಟಿನ ಮರ. ಈ ಮರದ ಬುಡದಲ್ಲಿಯೂ ಗಂಟುಗಳಲ್ಲಿಯೂ ಎಳೆಗಳು ಸುಳಿಸುಳಿಯಾಗಿ ಹೆಣೆದುಕೊಂಡು ಅತ್ಯಂತ ಸುಂದರವಾದ ಚಿತ್ತಾರವನ್ನುಂಟುಮಾಡುತ್ತವೆ. ಆದರೆ ಆ ಭಾಗವೇ ಅತ್ಯಂತ ದುರ್ಬಲವೂ ಹೌದು. ಎಳೆ ನೇರವಾಗಿಲ್ಲದ ಮರವನ್ನು ದಪ್ಪ ಹಲಗೆಯಾಗಿ ಬಳಸಿದರೆ ಅದು ಸೊಟ್ಟಗಾಗುತ್ತದೆ, ಬಿರಿಯುತ್ತದೆ, ಕೀಲು ಹಿಡಿಯುವುದಿಲ್ಲ. ಮರದ ಅತ್ಯುತ್ತಮ ಭಾಗವು ಗಟ್ಟಿ ಮರವಾಗಿ ಬಳಸಲು ಅಯೋಗ್ಯ. ತೆಳುಹಾಳೆಯಾಗಿ ಸೀಳಿ ಭದ್ರವಾದ ಒಡಲಿನ ಮೇಲೆ ಅಂಟಿಸಿದರೆ ಮಾತ್ರ ಉಪಯುಕ್ತ. ಗ್ರಾಹಕನ ‘ಗಟ್ಟಿ ಮರವೋ?’ ಎಂಬ ಪ್ರಶ್ನೆಗೆ ಇಂಥ ಮೇಜುಗಳ ಮಟ್ಟಿಗೆ ಇದೇ ಉತ್ತರ.

ಉಳಿತಾಯದ ಮಾತೂ ಸುಳ್ಳಲ್ಲ. ಒಂದು ಅಪರೂಪದ ಗಂಟಿನಿಂದ ಒಂದು ಹಲಗೆಯ ಬದಲಿಗೆ ಹತ್ತಾರು ಹಾಳೆಗಳು ದೊರೆಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಒಂದರ ಹಿಂದೊಂದು ಸೀಳಿದ ಹಾಳೆಗಳಲ್ಲಿ ಒಂದೇ ಚಿತ್ತಾರ ಮರುಕಳಿಸುತ್ತದೆ. ಅಂತಹ ನಾಲ್ಕು ಹಾಳೆಗಳನ್ನು ಪುಸ್ತಕದ ಪುಟ ತೆರೆದಂತೆ ಎದುರುಬದುರಾಗಿ ಜೋಡಿಸಿದಾಗ ಮುಚ್ಚಳದ ಮಧ್ಯದಲ್ಲಿ ಕನ್ನಡಿ ಹಿಡಿದಂತಹ ಪೂರ್ಣ ವಿನ್ಯಾಸ ಮೂಡುತ್ತದೆ. ಗಟ್ಟಿ ಮರದಲ್ಲಿ ಇದು ಎಂದಿಗೂ ಸಾಧ್ಯವಿಲ್ಲ.

ಕೆಲಸದ ಕ್ರಮ

ಹಾಳೆ ಸೀಳುವುದರಿಂದಲೇ ಕೌಶಲ್ಯದ ಪರೀಕ್ಷೆ ಆರಂಭವಾಗುತ್ತಿತ್ತು. ಮರದ ತುಂಡನ್ನು ನೆಟ್ಟಗೆ ಬಿಗಿದು, ಚೌಕಟ್ಟಿನಲ್ಲಿ ಎಳೆದು ಕಟ್ಟಿದ ಗರಗಸವನ್ನು ಇಬ್ಬರು ಎರಡು ಕಡೆ ಹಿಡಿದು ಕೈಯಿಂದಲೇ ಕೊಯ್ಯುತ್ತಿದ್ದರು. ಹಾಳೆಯ ದಪ್ಪ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಮಿಲಿಮೀಟರ್. ಇಂದು ಪ್ಲೈವುಡ್ಡಿನ ಮೇಲೆ ಬರುವ ಹಾಳೆ ಒಂದು ಮಿಲಿಮೀಟರಿಗಿಂತಲೂ ಎಷ್ಟೋ ತೆಳು. ಅದನ್ನು ಕೊಯ್ಯುವುದಿಲ್ಲ, ಮರವನ್ನು ಬೇಯಿಸಿ ಅಲಗಿನಿಂದ ಹೆರೆಯುತ್ತಾರೆ. ಹಳೆಯ ಹಾಳೆಯ ಅಂಚನ್ನು ಕಣ್ಣಿನಿಂದಲೇ ಅಳೆಯಬಹುದು, ಮತ್ತೆ ಮತ್ತೆ ಉಜ್ಜಿ ಹೊಳಪು ಕೊಡಬಹುದು. ಮುನ್ನೂರು ವರ್ಷಗಳ ಬಳಕೆಯನ್ನು ತಡೆದುಕೊಂಡಿರುವುದಕ್ಕೆ ಈ ದಪ್ಪವೂ ಒಂದು ಕಾರಣ.

ಒಡಲಿಗೆ ಬಾಲ್ಟಿಕ್ ತೀರದಿಂದ ಹಡಗಿನಲ್ಲಿ ಬರುತ್ತಿದ್ದ ಪೈನ್ ಮರ. ಡ್ರಾಯರುಗಳ ಒಳಭಾಗಕ್ಕೆ ಸವೆತ ತಡೆಯುವ ಓಕ್. ಮೂಲೆಗಳಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುತ್ತ ಹೋಗುವ ‘ಡವ್‌ಟೇಲ್’ ಕೀಲು. ವಿನಿಯರ್ ಅಂಟಿಸುವ ಮೊದಲು ಒಡಲಿನ ಮೇಲ್ಮೈಯನ್ನು ಹಲ್ಲಿನ ಅಲಗುಳ್ಳ ಉಜ್ಜುಗೊರಡಿನಿಂದ ಗೀರಿ ಒರಟು ಮಾಡುತ್ತಿದ್ದರು. ಬಳಸುತ್ತಿದ್ದ ಅಂಟು ಮರವಜ್ರ, ಅಂದರೆ ಪ್ರಾಣಿಗಳ ಚರ್ಮ ಮತ್ತು ಮೂಳೆಗಳನ್ನು ಕುದಿಸಿ ತೆಗೆದದ್ದು. ಬಿಸಿಯಾಗಿರುವಾಗಲೇ ಬಳಿದು, ಹಾಳೆಯನ್ನಿಟ್ಟು, ಅಗಲವಾದ ಬಾಯಿಯುಳ್ಳ ಸುತ್ತಿಗೆಯಿಂದ ಒತ್ತಿ ತಳ್ಳುತ್ತ ಹೆಚ್ಚಿನ ಅಂಟನ್ನು ಅಂಚಿನ ಕಡೆಗೆ ಹೊರಹಾಕಬೇಕು. ಹೆಸರು ಸುತ್ತಿಗೆಯಾದರೂ ಅದರಿಂದ ಹೊಡೆಯುವಂತಿಲ್ಲ. ದೊಡ್ಡ ಮೇಲ್ಮೈಗಳಾದರೆ ಕಾಯಿಸಿದ ಹಲಗೆಯನ್ನು ಹಾಳೆಯ ಮೇಲಿಟ್ಟು ಬಿಗಿಯುತ್ತಿದ್ದರು. ಬಾಗಿದ ಮೇಲ್ಮೈಗಳಿಗೆ ಬಿಸಿ ಮರಳಿನ ಚೀಲ. ಅಂಟು ತಣ್ಣಗಾಗುವ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯಬೇಕು. ಒಳಗೆ ಗಾಳಿ ಉಳಿದರೆ ಗುಳ್ಳೆ ಏಳುತ್ತದೆ.

ಮಧ್ಯದ ಚಿತ್ತಾರದ ಸುತ್ತ ‘ಹೆರಿಂಗ್‌ಬೋನ್’ ಪಟ್ಟಿ ಬರುತ್ತದೆ. ಓರೆಯಾದ ಎಳೆಯುಳ್ಳ ಎರಡು ಕಿರಿದಾದ ಪಟ್ಟಿಗಳನ್ನು ಎದುರುಬದುರಾಗಿಟ್ಟು ಹಕ್ಕಿಯ ಗರಿಯಂತೆ ಕಾಣಿಸುವ ಅಲಂಕಾರ ಇದು. ಅದರ ಹೊರಗೆ ಎಳೆ ಅಡ್ಡಡ್ಡವಾಗಿ ಬರುವ ಅಂಚುಪಟ್ಟಿ. ಈ ಪಟ್ಟಿಗಳು ಸೊಬಗಿಗೆ ಮಾತ್ರವಲ್ಲ. ಅಂಚಿಗೆ ಪೆಟ್ಟಾದರೆ ದೊಡ್ಡ ಹಾಳೆ ಸೀಳದಂತೆ ಕಾಯುವವೂ ಇವೇ, ತುಂಡು ಹೋದಾಗ ಸುಲಭವಾಗಿ ಬದಲಿಸಬಹುದಾದವೂ ಇವೇ. ಕೊಂಬೆಯನ್ನು ಅಡ್ಡವಾಗಿ ಕೊಯ್ದು ಪಡೆದ ದುಂಡು ಬಿಲ್ಲೆಗಳನ್ನು ಒತ್ತೊತ್ತಾಗಿ ಜೋಡಿಸಿ ಸಿಂಪಿಯ ಚಿಪ್ಪಿನಂತೆ ತೋರುವ ‘ಆಯ್‌ಸ್ಟರ್’ ವಿನ್ಯಾಸ ಇನ್ನೂ ದುಬಾರಿಯದು. ಇಲ್ಲಿ ಮೈಸೂರಿನ ಬೀಟೆ ಕೆತ್ತನೆ ಕೆಲಸ ನೆನಪಾಗುವುದು ಸಹಜ. ಆದರೆ ಕ್ರಮ ಬೇರೆ. ಮೈಸೂರಿನಲ್ಲಿ ಗಟ್ಟಿ ಬೀಟೆಯ ಹಲಗೆಯಲ್ಲಿ ಗುಳಿ ತೋಡಿ ಬೇರೆ ಬಣ್ಣದ ಮರವನ್ನು ಕೂರಿಸುತ್ತಾರೆ. ಇಂಗ್ಲೆಂಡಿನ ‘ಮಾರ್ಕೆಟ್ರಿ’ಯಲ್ಲಿ ಹೂವೂ ಹಿನ್ನೆಲೆಯೂ ತೆಳುಹಾಳೆಗಳೇ; ಎರಡನ್ನೂ ಸೇರಿಸಿ ಒಂದೇ ಚರ್ಮವಾಗಿ ಒಡಲಿಗೆ ಅಂಟಿಸಲಾಗುತ್ತದೆ.

ಮೇಜಿನ ರೂಪಗಳು ಹಲವು. ಮುಂಭಾಗ ನೇರವಾಗಿ ಮುಂದಕ್ಕೆ ಬೀಳುವ ಎತ್ತರದ ಬೀರುವಿನಂತಹದ್ದು ಮೊದಲು ಬಂದಿತು. ಅನಂತರ ಇಳಿಜಾರು ಮುಚ್ಚಳದ ‘ಬ್ಯೂರೋ’, ಕಾಲಿಗೆ ಜಾಗ ಬಿಟ್ಟ ‘ನೀಹೋಲ್’ ಮೇಜು, ಎರಡು ಗೂಡುಗಳ ಮೇಲೆ ನಿಂತ ‘ಪೆಡೆಸ್ಟಲ್’ ಮೇಜು. ಪಾಲುದಾರರಿಬ್ಬರು ಎದುರುಬದುರು ಕುಳಿತು ವ್ಯವಹಾರ ನಡೆಸಲೆಂದೇ ಎರಡೂ ಕಡೆ ಖಾನೆಗಳಿರುವ ದೊಡ್ಡ ಮೇಜಿಗೆ ‘ಪಾರ್ಟ್‌ನರ್ಸ್ ಡೆಸ್ಕ್’ ಎಂದೇ ಹೆಸರು. ಬ್ಯೂರೋದ ಒಳಗಿನ ಗೂಡುಗಳಲ್ಲಿ ವರ್ತಕರಿಗೆ ಪ್ರಿಯವಾಗಬಲ್ಲ ಒಂದು ವ್ಯವಸ್ಥೆಯಿದೆ. ಮಧ್ಯದ ಚಿಕ್ಕ ಬಾಗಿಲಿನ ಎರಡೂ ಪಕ್ಕಗಳಲ್ಲಿ ಅಲಂಕಾರಕ್ಕೆಂದು ಇಟ್ಟಂತೆ ಕಾಣುವ ಕಂಬಗಳು ವಾಸ್ತವದಲ್ಲಿ ನೆಟ್ಟಗೆ ನಿಂತ ಗುಪ್ತ ಖಾನೆಗಳು. ಹಿಡಿದೆಳೆದರೆ ಕಾಗದಪತ್ರಗಳೊಂದಿಗೆ ಹೊರಬರುತ್ತವೆ. ಬ್ಯಾಂಕಿನ ಲಾಕರು ಇಲ್ಲದ ಕಾಲದಲ್ಲಿ ಹುಂಡಿಪತ್ರ, ಸಾಲಪತ್ರಗಳಿಗೆ ಇದೇ ಆಶ್ರಯ. ಆದರೆ ಕಳ್ಳರಿಗೂ ಈ ಕಂಬಗಳ ಗುಟ್ಟು ತಿಳಿಯದೆ ಇದ್ದಿರಲಾರದು.

ಬೀಗದ ವಿಷಯವೂ ಕುತೂಹಲಕರ. ಶ್ರೇಷ್ಠ ದರ್ಜೆಯ ಮೇಜುಗಳಲ್ಲಿ ‘ಬ್ರಾಮಾ’ ಎಂಬ ಮುದ್ರೆಯ ಬೀಗ ಕಂಡುಬರುತ್ತದೆ. ಬಡಗಿಯಾಗಿ ಕೆಲಸ ಕಲಿತು ಲಂಡನ್ನಿನಲ್ಲಿ ಕ್ಯಾಬಿನೆಟ್ ಕೆಲಸ ಮಾಡಿದ ಜೋಸೆಫ್ ಬ್ರಾಮಾ 1784ರಲ್ಲಿ ಈ ಬೀಗಕ್ಕೆ ಪೇಟೆಂಟ್ ಪಡೆದ. ತೆರೆದವರಿಗೆ 200 ಗಿನಿ ಬಹುಮಾನವೆಂಬ ಫಲಕದೊಡನೆ ಬೀಗವೊಂದು ಆತನ ಸಂಸ್ಥೆಯ ಪಿಕಡಿಲಿ ಅಂಗಡಿಯ ಕಿಟಕಿಯಲ್ಲಿ ವರ್ಷಗಟ್ಟಲೆ ಇತ್ತು. 1851ರ ಮಹಾ ವಸ್ತುಪ್ರದರ್ಶನದ ಸಂದರ್ಭದಲ್ಲಿ ಅಮೆರಿಕದ ಎ. ಸಿ. ಹಾಬ್ಸ್ ಎಂಬಾತ ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಶ್ರಮಿಸಿ ಅದನ್ನು ತೆರೆದು ಬಹುಮಾನ ಪಡೆದ. ಜಲಶಕ್ತಿಯ ಒತ್ತುಯಂತ್ರವನ್ನು 1795ರಲ್ಲಿ ರೂಪಿಸಿದವನೂ ಇದೇ ಬ್ರಾಮಾ.

ಸುಂಕ ತಂದ ಬದಲಾವಣೆ

ವಾಲ್‌ನಟ್ಟಿನ ಯುಗ ಬಹುಕಾಲ ಉಳಿಯಲಿಲ್ಲ. 1709ರ ಭೀಕರ ಚಳಿಗಾಲದಲ್ಲಿ ಫ್ರಾನ್ಸಿನ ಅಕ್ರೋಟಿನ ಮರಗಳು ಅಪಾರವಾಗಿ ನಾಶವಾದವು. 1720ರಲ್ಲಿ ಫ್ರಾನ್ಸ್ ಅದರ ರಫ್ತನ್ನೇ ನಿಷೇಧಿಸಿತು. ಮರುವರ್ಷ, ಅಂದರೆ 1721ರಲ್ಲಿ, ಬ್ರಿಟಿಷ್ ಸಂಸತ್ತು ತನ್ನ ಅಮೆರಿಕದ ವಸಾಹತುಗಳಿಂದ ಬರುವ ಮರದ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ಆ ಶಾಸನದ ಉದ್ದೇಶ ನೌಕಾಪಡೆಗೆ ಮರ ಒದಗಿಸುವುದಾಗಿತ್ತು. ಲಾಭವಾದದ್ದು ಪೀಠೋಪಕರಣ ವ್ಯಾಪಾರಕ್ಕೆ. ಜಮೈಕಾದಿಂದಲೂ ಅನಂತರ ಕ್ಯೂಬಾ, ಹೊಂಡುರಾಸ್‌ಗಳಿಂದಲೂ ಮಹಾಗನಿ ಹರಿದುಬಂದಿತು. ಅಗಲವಾದ ಹಲಗೆ, ಹುಳು ಹಿಡಿಯದ ಗುಣ, ಕೆತ್ತನೆಗೆ ಒಗ್ಗುವ ಗಟ್ಟಿತನ ಇವೆಲ್ಲವೂ ಅದರಲ್ಲಿದ್ದವು. ತೆರಿಗೆಯ ಒಂದು ಕಲಮು ಒಂದು ರಾಷ್ಟ್ರದ ಮನೆಗಳ ಬಣ್ಣವನ್ನೇ ಬದಲಿಸಿದ ಉದಾಹರಣೆ ಆರ್ಥಿಕ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಸಿಗುವುದು ಕಷ್ಟ. ಈ ಮರವನ್ನು ಕಾಡಿನಲ್ಲಿ ಕಡಿದು ಹೊಳೆಗೆ ಎಳೆದು ತಂದವರು ಗುಲಾಮರಾಗಿದ್ದ ಆಫ್ರಿಕನ್ನರು ಎಂಬುದನ್ನೂ ಹೇಳದೆ ಬಿಡುವಂತಿಲ್ಲ. ಆ ಕಾಲದ ಯಾವ ಬಿಲ್ಲಿನಲ್ಲಿಯೂ ಅವರ ಕೂಲಿಯ ಬಾಬು ಕಾಣುವುದಿಲ್ಲ, ಏಕೆಂದರೆ ಕೂಲಿಯೇ ಇರಲಿಲ್ಲ.

ಮಹಾಗನಿ ಗಟ್ಟಿ ಮರವಾಗಿಯೂ ಬಳಕೆಗೆ ಬಂದದ್ದರಿಂದ ವಿನಿಯರ್ ಕೆಲಕಾಲ ಹಿಂದೆ ಸರಿಯಿತು. ಆದರೆ ಕೊಂಬೆ ಕವಲೊಡೆಯುವ ಭಾಗದ ಗರಿಯಂತಹ ಚಿತ್ತಾರಕ್ಕೆ ಬೇಡಿಕೆ ಹೆಚ್ಚಿದಂತೆ ತೆಳುಹಾಳೆಯೂ ಮರಳಿ ಬಂದಿತು. 1770ರ ಹೊತ್ತಿಗೆ ಸ್ಯಾಟಿನ್‌ವುಡ್, 1800ರ ಅನಂತರ ಬ್ರೆಜಿಲ್ಲಿನ ಬೀಟೆ ಜೊತೆಗೂಡಿದವು. ಮೇಲ್ಮೈಯ ಹೊಳಪಿಗೆ ಮೊದಲು ಎಣ್ಣೆ, ವಾರ್ನಿಷ್, ಜೇನುಮೇಣ. 1820ರ ಸುಮಾರಿನಿಂದ ‘ಫ್ರೆಂಚ್ ಪಾಲಿಶ್’. ಹೆಸರು ಫ್ರೆಂಚ್ ಆದರೂ ಅದರ ಮೂಲವಸ್ತುವಾದ ಅರಗು ಹೋಗುತ್ತಿದ್ದದ್ದು ಮುಖ್ಯವಾಗಿ ಭಾರತದಿಂದ. ಚನ್ನಪಟ್ಟಣದ ಬೊಂಬೆಯ ಹೊಳಪಿಗೂ ಲಂಡನ್ನಿನ ಮೇಜಿನ ಹೊಳಪಿಗೂ ಮೂಲ ಒಂದೇ ಕೀಟದ ಸ್ರಾವ.

ಬೆಲೆಪಟ್ಟಿ, ಬಿಲ್ಲು ಮತ್ತು ಬಾಕಿ

ಈ ಉದ್ಯಮದ ಲೆಕ್ಕಪತ್ರಗಳು ಗಮನಾರ್ಹ ಪ್ರಮಾಣದಲ್ಲಿ ಉಳಿದುಬಂದಿವೆ. 1788ರಲ್ಲಿ ‘ದಿ ಕ್ಯಾಬಿನೆಟ್ ಮೇಕರ್ಸ್ ಲಂಡನ್ ಬುಕ್ ಆಫ್ ಪ್ರೈಸಸ್’ ಎಂಬ ಪುಸ್ತಕ ಪ್ರಕಟವಾಯಿತು. ಇದು ಗ್ರಾಹಕನಿಗೆ ಹೇಳುವ ಬೆಲೆಯ ಪಟ್ಟಿಯಲ್ಲ. ಕೆಲಸಗಾರರಿಗೆ ಸಲ್ಲಬೇಕಾದ ಜಾಬ್ ವರ್ಕ್ ಕೂಲಿಯ ದರಪಟ್ಟಿ. ಇಂತಿಷ್ಟು ಅಳತೆಯ ಸಾದಾ ಮೇಜಿಗೆ ಇಷ್ಟು. ವಿನಿಯರ್ ಹೊದಿಸಿದರೆ ಇಷ್ಟು ಹೆಚ್ಚು. ಒಂದು ಖಾನೆ ಹೆಚ್ಚಾದರೆ, ಅಂಚುಪಟ್ಟಿ ಸೇರಿಸಿದರೆ, ಮೂಲೆ ದುಂಡಾದರೆ ಇಷ್ಟಿಷ್ಟು ಎಂದು ಪ್ರತಿಯೊಂದು ಹೆಚ್ಚುವರಿ ಕೆಲಸಕ್ಕೂ ಪ್ರತ್ಯೇಕ ದರ. 1793ರಲ್ಲಿ ಇದರ ಎರಡನೆಯ ಮುದ್ರಣ ಬಂದಿತು. ಮಾಲೀಕರ ಮತ್ತು ಕೆಲಸಗಾರರ ನಡುವಣ ಚೌಕಾಸಿಗೆ ಒಂದು ಲಿಖಿತ ಆಧಾರ ದೊರೆತದ್ದು ಹೀಗೆ. ಇಂದಿನ ಜಾಬ್ ವರ್ಕ್ ಘಟಕಗಳಲ್ಲಿ ಇಷ್ಟು ವಿವರವಾದ ದರಪಟ್ಟಿ ಎಷ್ಟು ಕಡೆ ಇದೆ ಎಂಬುದು ಬೇರೆಯೇ ವಿಚಾರ.

ಲ್ಯಾಂಕಾಸ್ಟರ್ ಪಟ್ಟಣದ ಗಿಲ್ಲೋಸ್ ಸಂಸ್ಥೆಯ ಪುಸ್ತಕಗಳು ಇನ್ನೂ ಅಮೂಲ್ಯ. 1730ರ ಸುಮಾರಿಗೆ ರಾಬರ್ಟ್ ಗಿಲ್ಲೋ ಆರಂಭಿಸಿದ ಈ ಸಂಸ್ಥೆ ವೆಸ್ಟ್ ಇಂಡೀಸಿಗೆ ಪೀಠೋಪಕರಣ ಕಳುಹಿಸಿ, ಅಲ್ಲಿಂದ ಮಹಾಗನಿ ಮತ್ತು ರಮ್ ತರಿಸುತ್ತಿತ್ತು. 1784ರಿಂದ ಇದರ ‘ಎಸ್ಟಿಮೇಟ್ ಸ್ಕೆಚ್ ಬುಕ್’ಗಳು ದೊರೆಯುತ್ತವೆ, ಈಗ ಅವು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಗರ ದಾಖಲೆಗಾರದಲ್ಲಿವೆ. ಪುಟದಲ್ಲಿ ವಸ್ತುವಿನ ಚಿತ್ರ, ಕೆಳಗೆ ಮರ, ಅಂಟು, ಬೀಗ, ಹಿಡಿಗಳ ಬೆಲೆ, ಕೂಲಿ, ಅನೇಕ ಕಡೆ ಕೆಲಸಗಾರನ ಹೆಸರು. ಪರಿಪೂರ್ಣವಾದ ಜಾಬ್ ಕಾಸ್ಟಿಂಗ್ ಇದು. ಇಳಿಜಾರು ಮುಚ್ಚಳದ ಚಿಕ್ಕ ಮೇಜಿಗೆ ‘ಡ್ಯಾವೆನ್‌ಪೋರ್ಟ್’ ಎಂಬ ಹೆಸರು ಬಂದದ್ದೇ ಈ ಪುಸ್ತಕದಲ್ಲಿರುವ ಕ್ಯಾಪ್ಟನ್ ಡ್ಯಾವೆನ್‌ಪೋರ್ಟ್ ಎಂಬ ಗ್ರಾಹಕನ ನಮೂದಿನಿಂದ. ಹಿಂಭಾಗದಲ್ಲಿ ಅರ್ಧಚಂದ್ರಾಕಾರವಾಗಿ ಖಾನೆಗಳು ಸುತ್ತುವರಿದ ‘ಕಾರ್ಲ್‌ಟನ್ ಹೌಸ್’ ಮೇಜಿನ 1796ರ ನಮೂದೂ ಇಲ್ಲಿದೆ.

ಪ್ಯಾರಿಸ್ಸಿನಂತೆ ಪ್ರತಿಯೊಬ್ಬ ತಯಾರಕನೂ ತನ್ನ ಮುದ್ರೆ ಒತ್ತಲೇಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿರಲಿಲ್ಲ. ಆದಕಾರಣ ಅಲ್ಲಿನ ಬಹುಪಾಲು ಮೇಜುಗಳು ಅನಾಮಧೇಯ. ‘ಚಿಪ್ಪೆಂಡೇಲ್’, ‘ಹೆಪಲ್‌ವೈಟ್’, ‘ಶೆರಟನ್’ ಎಂದು ಮಾರುಕಟ್ಟೆಯಲ್ಲಿ ಹೇಳುವುದು ಸಾಮಾನ್ಯವಾಗಿ ಶೈಲಿಯ ಹೆಸರೇ ಹೊರತು ತಯಾರಕನ ಹೆಸರಲ್ಲ. ಹೆಪಲ್‌ವೈಟ್‌ನ ವಿನ್ಯಾಸ ಪುಸ್ತಕವನ್ನು ಆತ ತೀರಿಕೊಂಡ ಮೇಲೆ 1788ರಲ್ಲಿ ಪ್ರಕಟಿಸಿದವಳು ಆತನ ವಿಧವೆ. ಶೆರಟನ್ ಪುಸ್ತಕ ಬರೆದ, ಬಡತನದಲ್ಲಿ 1806ರಲ್ಲಿ ಸತ್ತ. ‘ಶೆರಟನ್ ಮೇಜು’ ಎಂಬ ಚೀಟಿ ಕಂಡು ಆತನೇ ಮಾಡಿದ್ದೆಂದು ಹಣ ಕೊಟ್ಟವರು ಪುಸ್ತಕದ ಹೆಸರಿಗೆ ಹಣ ಕೊಟ್ಟಂತೆ.

ಥಾಮಸ್ ಚಿಪ್ಪೆಂಡೇಲ್ ಮಾತ್ರ ನಿಜವಾಗಿ ದೊಡ್ಡ ಕಾರ್ಖಾನೆ ನಡೆಸಿದವನು. 1754ರಲ್ಲಿ ಆತ ಪ್ರಕಟಿಸಿದ ವಿನ್ಯಾಸಗಳ ಪುಸ್ತಕ ಒಂದು ಅರ್ಥದಲ್ಲಿ ಆ ಉದ್ಯಮದ ಮೊದಲ ದೊಡ್ಡ ಕ್ಯಾಟಲಾಗ್. ಮರುವರ್ಷವೇ ಕಾರ್ಯಾಗಾರಕ್ಕೆ ಬೆಂಕಿ ಬಿದ್ದಿತು. 1766ರಲ್ಲಿ ಬಂಡವಾಳ ಹೂಡಿದ್ದ ಪಾಲುದಾರ ಜೇಮ್ಸ್ ರ‍್ಯಾನಿ ತೀರಿಕೊಂಡಾಗ ಆತನ ಪಾಲನ್ನು ತೀರಿಸಲು ದಾಸ್ತಾನನ್ನು ಹರಾಜು ಹಾಕಬೇಕಾಯಿತು. 1771ರಲ್ಲಿ ಹೊಸ ಪಾಲುದಾರನಾಗಿ ಬಂದವನು ಥಾಮಸ್ ಹೇಗ್. ಆತ ಮೊದಲು ರ‍್ಯಾನಿಯ ಲೆಕ್ಕ ಬರೆಯುತ್ತಿದ್ದ ಗುಮಾಸ್ತ. ಯಾರ್ಕ್‌ಶೈರಿನ ನಾಸ್ಟೆಲ್ ಬಂಗಲೆಗೆ 1767ರಲ್ಲಿ ಚಿಪ್ಪೆಂಡೇಲ್ ಕಳುಹಿಸಿದ ಗ್ರಂಥಾಲಯದ ಬರವಣಿಗೆ ಮೇಜಿನ ಬಿಲ್ಲು 72 ಪೌಂಡ್ 10 ಶಿಲ್ಲಿಂಗ್. ಮೇಜೂ ಉಳಿದಿದೆ, ಬಾಕಿ ವಸೂಲಿಗಾಗಿ ಆ ಮನೆಯ ಯಜಮಾನನಿಗೆ ಬರೆದ ಪತ್ರಗಳೂ ಉಳಿದಿವೆ. ಶ್ರೀಮಂತರು ಆದೇಶ ಕೊಡುವುದರಲ್ಲಿ ಧಾರಾಳಿಗಳು, ಹಣ ಕೊಡುವುದರಲ್ಲಿ ನಿಧಾನಿಗಳು. ಮರದ ವ್ಯಾಪಾರಿಗೂ ಕೂಲಿಯವನಿಗೂ ಮಾತ್ರ ಕಾಲಕ್ಕೆ ಸರಿಯಾಗಿ ಕೊಡಲೇಬೇಕು. ದುಡಿಯುವ ಬಂಡವಾಳದ ಈ ಬಿಕ್ಕಟ್ಟಿನಿಂದ ಸಂಸ್ಥೆ ಎಂದಿಗೂ ಹೊರಬರಲಿಲ್ಲ. ತಂದೆ 1779ರಲ್ಲಿ ತೀರಿಕೊಂಡ. ಮಗ 1804ರಲ್ಲಿ ದಿವಾಳಿಯಾದ. ಹೇರ್‌ವುಡ್ ಬಂಗಲೆಗೆಂದು ತಂದೆ ಮಾಡಿದ ಮಾರ್ಕೆಟ್ರಿ ಮೇಜು 1965ರಲ್ಲಿ ಲೀಡ್ಸ್ ನಗರದ ಟೆಂಪಲ್ ನ್ಯೂಸಮ್ ಸಂಗ್ರಹಾಲಯಕ್ಕೆ ಸೇರಿತು. ಇಂಗ್ಲೆಂಡಿನ ಮೇಜುಗಳಲ್ಲಿ ಅದಕ್ಕೆ ಸರಿಸಾಟಿಯಾದವು ಕೆಲವೇ.

ಯಂತ್ರ ಬಂದ ಮೇಲೆ

ವಿನಿಯರ್ ಪದಕ್ಕೆ ಕೆಟ್ಟ ಹೆಸರು ತರುವುದರಲ್ಲಿ ಯಂತ್ರದ ಪಾಲು ದೊಡ್ಡದು. 1806ರಲ್ಲಿ ಮಾರ್ಕ್ ಬ್ರೂನೆಲ್ ಎಂಬ ಫ್ರೆಂಚ್ ಮೂಲದ ಎಂಜಿನಿಯರ್ ದೊಡ್ಡ ಚಕ್ರಾಕಾರದ ಗರಗಸದಿಂದ ವಿನಿಯರ್ ಕೊಯ್ಯುವ ಯಂತ್ರಕ್ಕೆ ಪೇಟೆಂಟ್ ಪಡೆದು ಲಂಡನ್ನಿನ ಬ್ಯಾಟರ್‌ಸೀಯಲ್ಲಿ ಮಿಲ್ಲು ಸ್ಥಾಪಿಸಿದ. ಹಾಳೆ ತೆಳುವಾಯಿತು, ಅಗ್ಗವಾಯಿತು, ಸಮನಾಯಿತು. ಆದರೆ ತಂತ್ರಜ್ಞಾನ ಬಲ್ಲವನು ಲೆಕ್ಕವನ್ನೂ ಬಲ್ಲನೆಂದು ಹೇಳಲಾಗದು. 1814ರಲ್ಲಿ ಮಿಲ್ಲಿಗೆ ಬೆಂಕಿ ಬಿದ್ದಿತು. ಸೈನ್ಯಕ್ಕೆಂದು ಯಂತ್ರದಿಂದ ತಯಾರಿಸಿದ ಬೂಟುಗಳು ವಾಟರ್‌ಲೂ ಯುದ್ಧ ಮುಗಿದೊಡನೆ ಕೊಳ್ಳುವವರಿಲ್ಲದೆ ಉಳಿದವು. 1821ರಲ್ಲಿ ಬ್ರೂನೆಲ್ ಸಾಲಕ್ಕಾಗಿ ಪತ್ನಿಸಮೇತ ಸೆರೆಮನೆ ಸೇರಬೇಕಾಯಿತು. ಆತ ರಷ್ಯಾದ ಚಕ್ರವರ್ತಿಯ ಸೇವೆಗೆ ಹೋಗಬಹುದೆಂಬ ಸುದ್ದಿ ಹರಡಿದ ಮೇಲೆ ಬ್ರಿಟಿಷ್ ಸರ್ಕಾರ 5,000 ಪೌಂಡ್ ಕೊಟ್ಟು ಬಿಡಿಸಿತು. ಮುಂದೆ ಥೇಮ್ಸ್ ನದಿಯ ಕೆಳಗೆ ಸುರಂಗ ಕೊರೆದವನು ಇವನೇ.

ತೆಳುಹಾಳೆ ಅಗ್ಗವಾದೊಡನೆ ಅದರ ಕೆಳಗಿನ ಒಡಲೂ ಅಗ್ಗವಾಯಿತು. ಸರಿಯಾಗಿ ಒಣಗದ ಮರ, ಅವಸರದ ಕೀಲು, ಮೇಲೆ ಮಾತ್ರ ಹೊಳಪು. ಡಿಕನ್ಸ್ ಗೇಲಿ ಮಾಡಿದ್ದು ಇಂಥದ್ದನ್ನು.

ಪರೀಕ್ಷಿಸುವ ಬಗೆ

ಅನುಭವಿ ವ್ಯಾಪಾರಿ ಮೇಜಿನ ಮೇಲ್ಭಾಗವನ್ನು ಕೊನೆಗೆ ನೋಡುತ್ತಾನೆ. ಮೊದಲು ಖಾನೆಗಳನ್ನು ಹೊರಗೆಳೆದು ತಲೆಕೆಳಗು ಮಾಡುತ್ತಾನೆ. 1730–40ರ ದಶಕಗಳವರೆಗೆ ಖಾನೆಯ ತಳದ ಹಲಗೆಯ ಎಳೆ ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ ಓಡುತ್ತದೆ; ಅನಂತರದವುಗಳಲ್ಲಿ ಪಕ್ಕದಿಂದ ಪಕ್ಕಕ್ಕೆ. ಕೈಯಿಂದ ಕತ್ತರಿಸಿದ ಡವ್‌ಟೇಲುಗಳು ಒಂದರಂತೆ ಒಂದಿರುವುದಿಲ್ಲ. ಗರಗಸದ ಗುರುತು ನೇರವಾಗಿದ್ದರೆ ಕೈಗರಗಸ. ಕಮಾನಿನಂತೆ ಬಾಗಿದ್ದರೆ ಚಕ್ರದ ಗರಗಸ, ಅಂದರೆ ಹತ್ತೊಂಬತ್ತನೆಯ ಶತಮಾನ ಅಥವಾ ಅನಂತರ. ಮೊನೆಯುಳ್ಳ ಸ್ಕ್ರೂ ಕಂಡರೆ ಅದು 1850ರ ಅನಂತರದ್ದು. ಅಮೆರಿಕದ ಪೇಟೆಂಟ್ ಯಂತ್ರಗಳನ್ನು ತಂದು ಬರ್ಮಿಂಗ್‌ಹ್ಯಾಮಿನಲ್ಲಿ 1854ರಿಂದ ಇವುಗಳನ್ನು ರಾಶಿ ರಾಶಿಯಾಗಿ ತಯಾರಿಸಿದ ನೆಟಲ್‌ಫೋಲ್ಡ್ ಹೆಸರು ಜಿಕೆಡಬ್ಲ್ಯು ಮೂಲಕ ನಮ್ಮ ಹಾರ್ಡ್‌ವೇರ್ ಅಂಗಡಿಗಳಿಗೂ ಪರಿಚಿತ. ಹಿಡಿಯ ಹಿಂದೆ ಒಳಭಾಗದಲ್ಲಿ ಮುಚ್ಚಿದ ಹಳೆಯ ತೂತುಗಳಿದ್ದರೆ ಹಿಡಿ ಬದಲಾಗಿದೆ. ಅದು ದೊಡ್ಡ ದೋಷವಲ್ಲ. ಆದರೆ ಒಳಗೆ ತೂತಿದ್ದು ಹೊರಗೆ ವಿನಿಯರಿನಲ್ಲಿ ಅದರ ಗುರುತೇ ಇಲ್ಲವೆಂದರೆ ವಿನಿಯರ್ ಆಮೇಲೆ ಹೊದಿಸಿದ್ದು ಎಂದರ್ಥ.

ಇದೇ ಅತಿ ದೊಡ್ಡ ಮೋಸ. ಸಾದಾ ಓಕ್ ಬ್ಯೂರೋಗೆ ವಾಲ್‌ನಟ್ ಹೊದಿಸಿ ಬೆಲೆ ಏರಿಸುವುದು, ಖಾನೆಗಳ ಪೆಟ್ಟಿಗೆಯೊಂದರ ಮಧ್ಯಭಾಗ ಕತ್ತರಿಸಿ ನೀಹೋಲ್ ಮೇಜು ಮಾಡುವುದು, ಒಂದು ಮೇಜಿನ ಕೆಳಭಾಗಕ್ಕೆ ಇನ್ನೊಂದರ ಪುಸ್ತಕದ ಬೀರು ಕೂರಿಸಿ ‘ಮದುವೆ’ ಮಾಡಿಸುವುದು, ಇವೆಲ್ಲ ಶತಮಾನದಷ್ಟು ಹಳೆಯ ಕಸುಬುಗಳು. ಪಕ್ಕದ ಹಲಗೆಯಲ್ಲಿ ಉದ್ದಕ್ಕೆ ಬಿಟ್ಟಿರುವ ಸಣ್ಣ ಬಿರುಕನ್ನು ಹೊಸಬರು ದೋಷವೆಂದು ತಿಳಿಯುತ್ತಾರೆ. ಒಡಲಿನ ಪೈನ್ ಅಗಲದಲ್ಲಿ ಕುಗ್ಗಿದೆ, ಅಂಟಿಕೊಂಡ ಹಾಳೆ ಅದರೊಂದಿಗೆ ಬಿರಿದಿದೆ. ಮುನ್ನೂರು ವರ್ಷಗಳ ಬೇಸಿಗೆ, ಚಳಿಗಾಲಗಳ ಸಹಜ ಗುರುತು ಅದು. ಎಲ್ಲಿಯೂ ಬಿರುಕಿಲ್ಲದ ‘ಹಳೆಯ’ ಮೇಜೇ ಹೆಚ್ಚು ಅನುಮಾನಕ್ಕೆ ಅರ್ಹ.

ದಾಖಲೆಯೊಂದೇ ಬೆಲೆಯನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಡಿಕನ್ಸನ ಸ್ವಂತ ಮಹಾಗನಿ ಮೇಜೇ ಸಾಕ್ಷಿ. ಲಂಡನ್ನಿನ ಚಾರ್ಲ್ಸ್ ಡಿಕನ್ಸ್ ಮ್ಯೂಸಿಯಂ 2015ರಲ್ಲಿ ಅದನ್ನೂ ಜೊತೆಯ ಕುರ್ಚಿಯನ್ನೂ 7,80,000 ಪೌಂಡುಗಳ ಅನುದಾನದಿಂದ ತನ್ನದಾಗಿಸಿಕೊಂಡಿತು. ಮರ ಮತ್ತು ಕೆಲಸದ ಲೆಕ್ಕದಲ್ಲಿ ಅದು ಆ ಕಾಲದ ಒಳ್ಳೆಯ ಕಚೇರಿ ಮೇಜಷ್ಟೇ.

ಇಂದಿನ ಮಾರುಕಟ್ಟೆ

ಸಾಧಾರಣ ದರ್ಜೆಯ ಹಳೆಯ ಮೇಜುಗಳ ಸ್ಥಿತಿ ಬೇರೆ. ವ್ಯಾಪಾರಿಗಳು ‘ಬ್ರೌನ್ ಫರ್ನಿಚರ್’ ಎಂದು ಕರೆಯುವ ಈ ಕಂದು ಮರದ ಸಾಮಾನುಗಳ ಬೆಲೆ ಈ ಶತಮಾನದ ಆರಂಭದವರೆಗೆ ಏರುತ್ತಲೇ ಇದ್ದು, ಅನಂತರ ಸತತವಾಗಿ ಕುಸಿಯಿತು. ಮನೆಗಳು ಚಿಕ್ಕವಾದವು, ಅಭಿರುಚಿ ಬದಲಾಯಿತು, ಲ್ಯಾಪ್‌ಟಾಪಿಗೆ ಗುಪ್ತ ಖಾನೆ ಬೇಕಿಲ್ಲ. ಬೆಲೆ ಎಂದಿಗೂ ಇಳಿಯದೆಂಬ ನಂಬಿಕೆಯಿಂದ ಹೂಡಿಕೆಯೆಂದು ಕೊಂಡವರು ನಷ್ಟ ಅನುಭವಿಸಿದರು. ಅತ್ಯುತ್ತಮ ದರ್ಜೆಯವು, ಮೂಲ ಮೇಲ್ಮೈ ಮತ್ತು ಖಚಿತ ದಾಖಲೆ ಇರುವವು ಮಾತ್ರ ಮೇಲುಗೈ ಉಳಿಸಿಕೊಂಡಿವೆ.

ಕಾನೂನಿನ ಬಾಬತ್ತೂ ಹೆಚ್ಚಾಗಿದೆ. ಬ್ರೆಜಿಲ್ಲಿನ ಬೀಟೆ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ನಮ್ಮ ಪಶ್ಚಿಮ ಘಟ್ಟಗಳ ಬೀಟೆ ಸೇರಿದಂತೆ ಆ ಕುಲದ ಉಳಿದ ಮರಗಳು 2017ರ ಜನವರಿಯಿಂದ ಎರಡನೆಯ ಪಟ್ಟಿಗೆ ಬಂದಿವೆ. ಬ್ರಿಟನ್ನಿನ 2018ರ ದಂತ ಕಾಯಿದೆ 2022ರ ಜೂನ್‌ನಲ್ಲಿ ಜಾರಿಗೆ ಬಂದ ಮೇಲೆ, ಬೀಗದ ಕಿಂಡಿಯ ಸುತ್ತ ದಂತದ ಬಿಲ್ಲೆಯಿರುವ ಮೇಜನ್ನೂ ನೋಂದಾಯಿಸದೆ ಮಾರುವಂತಿಲ್ಲ. 1947ಕ್ಕೆ ಹಿಂದಿನದಾಗಿದ್ದು ದಂತದ ಪ್ರಮಾಣ ಶೇ. 10ಕ್ಕಿಂತ ಕಡಿಮೆ ಇರಬೇಕು. ತೆರಿಗೆಯ ವಿಷಯದಲ್ಲಿ ಅಲ್ಲಿನ ವ್ಯಾಪಾರಿ ಪೂರ್ಣ ಮಾರಾಟ ಬೆಲೆಯ ಬದಲು ತನ್ನ ಲಾಭಾಂಶದ ಮೇಲೆ ಮಾತ್ರ ವ್ಯಾಟ್ ಕಟ್ಟುವ ಯೋಜನೆಯನ್ನು ಆಯ್ದುಕೊಳ್ಳಬಹುದು. ನಮ್ಮ ಜಿಎಸ್‌ಟಿ ನಿಯಮ 32ರ ಉಪನಿಯಮ 5 ಬಳಸಿದ ಸರಕುಗಳಿಗೆ ಇದೇ ತತ್ವವನ್ನು ಅನುಸರಿಸುತ್ತದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆದಿರಬಾರದು ಎಂಬುದು ಷರತ್ತು. ನೂರು ವರ್ಷ ಮೀರಿದ ಕುಶಲ ವಸ್ತುವು ಭಾರತದಿಂದ ಹೊರಹೋಗಬೇಕಾದಲ್ಲಿ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಶ್ನೆ ಏಳುತ್ತದೆ. ಹಳೆಯ ಬಂಗಲೆಗಳ ಸಾಮಾನು ಕೊಳ್ಳುವವರು ರಫ್ತಿನ ಮಾತು ಆಡುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸುವುದು ಲೇಸು.

ಉಳಿದದ್ದು ದುರಸ್ತಿಯ ಲೆಕ್ಕ. ಮರವಜ್ರಕ್ಕೆ ಬಿಸಿ ಮತ್ತು ತೇವ ತಾಗಿದರೆ ಅದು ಮತ್ತೆ ಕರಗುತ್ತದೆ. ಎದ್ದ ಹಾಳೆಯನ್ನು ಬಿಸಿಮಾಡಿ ಒತ್ತಿದರೆ ಎಷ್ಟೋ ವೇಳೆ ಹಳೆಯ ಅಂಟೇ ಹಿಡಿದುಕೊಳ್ಳುತ್ತದೆ. ಇಂದಿನ ರಾಸಾಯನಿಕ ಅಂಟಿಗೆ ಈ ಗುಣವಿಲ್ಲ. ಅದರಿಂದ ಒಮ್ಮೆ ರಿಪೇರಿಯಾದ ಮೇಜನ್ನು ಮುಂದಿನವನು ಬಿಚ್ಚಲಾರ. ಆದರೆ ನುರಿತ ಕೈಗಳ ಗಂಟೆಯ ದರ ಏರಿದೆ, ಮೇಜಿನ ಬೆಲೆ ಇಳಿದಿದೆ. ಸಾಧಾರಣ ಬ್ಯೂರೋ ಒಂದನ್ನು ಸರಿಪಡಿಸುವ ಖರ್ಚು ಅನೇಕ ವೇಳೆ ಅದರ ಮಾರಾಟ ಬೆಲೆಯನ್ನೇ ಮೀರುತ್ತದೆ. ಅಂಥವುಗಳನ್ನು ದುರಸ್ತಿಗಾರರು ಒಡೆಯುವ ಮಾಲೆಂದು ಕೊಂಡು, ಹಾಳೆಗಳನ್ನು ಬಿಸಿನೀರಿನ ಬಟ್ಟೆಯಿಂದ ಮೆಲ್ಲಗೆ ಎಬ್ಬಿಸಿ, ಒಣಗಿಸಿ, ಬಣ್ಣದ ಪ್ರಕಾರ ವಿಂಗಡಿಸಿ ಕಪಾಟಿನಲ್ಲಿಡುತ್ತಾರೆ. ಹೆಚ್ಚು ಬೆಲೆಬಾಳುವ ಮೇಜಿನ ಅಂಚು ಮುರಿದು ಬಂದಾಗ ಅದಕ್ಕೆ ಹೊಂದುವ ದಪ್ಪದ, ಹೊಂದುವ ಬಣ್ಣದ ತುಂಡು ದೊರೆಯುವುದು ಆ ಕಪಾಟಿನಲ್ಲಿಯೇ.